ನಮ್ಮ ಯಜಮಾನರು ಇಳಿಯದ ಬಂದರುಗಳು

ನಂಜನಗೂಡಿನಲ್ಲಿ ಪೇಂಟ್ ಅಂಗಡಿ ಇಟ್ಟಿರುವ ನಂಜೇಶ್ ನನ್ನ ಗಂಡ. ಎದುರಿಗೆ ನಾನು ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಬರೆಯುವಾಗ ಪರವಾಗಿಲ್ಲ ಎಂದು ನಾನೇ ಕಾನೂನು ಮಾಡಿಕೊಂಡಿದ್ದೇನೆ. ಅವರಿಗೆ ಬೀಡಿಯ ಚಟವಿಲ್ಲ, ಇಸ್ಪೀಟಿನ ಚಟವಿಲ್ಲ. ಇರುವುದು ಒಂದೇ ಚಟ, ಹೊಟ್ಟೆಕಿಚ್ಚು. ಅದೂ ಕಂಡಕಂಡದ್ದಕ್ಕೆಲ್ಲ ಅಲ್ಲ. ಎದುರು ಅಂಗಡಿಯವನು ಮೇಲೊಂದು ಮಹಡಿ ಎಬ್ಬಿಸಿದರೆ "ಬಣ್ಣ ನಮ್ಮಲ್ಲೇ ತಗೊಳ್ಳಿ" ಎಂದು ನಕ್ಕು ಬರುತ್ತಾರೆ. ಸೈಟು, ಕಾರು, ಚಿನ್ನ ಯಾವುದಕ್ಕೂ ಅವರ ಹೊಟ್ಟೆ ಉರಿಯುವುದಿಲ್ಲ. ಆದರೆ ಯಾರಾದರೂ ದೂರದ ಊರಿಗೆ ಹೋಗಿಬಂದರು ಎಂದು ಕಿವಿಗೆ ಬಿದ್ದರೆ ಸಾಕು, ಅವತ್ತು ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ.

ಅದಕ್ಕೆ ಕಾರಣವೂ ಇದೆ. ಮಾವನವರು ಕಲ್ಲಯ್ಯ ತೀರಿಕೊಂಡಾಗ ಇವರಿನ್ನೂ ಕಾಲೇಜಿನಲ್ಲಿದ್ದರು. ಅಂದು ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು ಇನ್ನೂ ಎದ್ದಿಲ್ಲ. ಮದುವೆಯಾದ ಹೊಸದರಲ್ಲಿ ನಾವು ಕನ್ಯಾಕುಮಾರಿಗೆ ಹೋಗಿದ್ದೆವು, ಅತ್ತೆಯೂ ಜೊತೆಗಿದ್ದರು. ಅದೇ ಇವರು ಕಂಡ ಕೊನೆಯ ದೂರದ ಊರು. ಅಲ್ಲಿಂದ ಬಂದ ಮೇಲೆ ಅಂಗಡಿ, ಮನೆ, ವರ್ಷಕ್ಕೊಮ್ಮೆ ಮೈಸೂರಿನಲ್ಲಿ ಕಂಪನಿಯ ಡೀಲರ್ ಮೀಟಿಂಗು.

ಹೋದ ವರ್ಷದ ಮೀಟಿಂಗಿನಿಂದ ಬಂದವರ ಮುಖವೇ ಬೇರೆಯಾಗಿತ್ತು. ಒಂದೊಂದು ಜಿಲ್ಲೆಯಲ್ಲೂ ಎಲ್ಲರಿಗಿಂತ ಹೆಚ್ಚು ಬಣ್ಣ ಮಾರಿದ ಡೀಲರನ್ನು ಕಂಪನಿ ಗಂಡ ಹೆಂಡತಿ ಸಮೇತ ಮೆಡಿಟರೇನಿಯನ್ ಸಮುದ್ರದ ಮೇಲೆ ಹಡಗಿನಲ್ಲಿ ಸುತ್ತಿಸುತ್ತದಂತೆ. ಬಾರ್ಸಿಲೋನಾದಲ್ಲಿ ಹತ್ತಿದರೆ ಮಾರ್ಸೇ, ಜಿನೋವಾ, ರೋಮ್, ನೇಪಲ್ಸ್. ಹಡಗು ರಾತ್ರಿಯೆಲ್ಲ ಓಡುತ್ತದೆ, ಬೆಳಿಗ್ಗೆ ಬಂದರಿನಲ್ಲಿ ನಿಲ್ಲುತ್ತದೆ. ನಿಂತ ಹೊತ್ತಿನಲ್ಲಿ ಕೆಳಗಿಳಿದು ಏನು ನೋಡಬೇಕು, ಹೇಗೆ ಹೋಗಬೇಕು, ಯಾವಾಗ ವಾಪಸ್ ಬರಬೇಕು ಎಂಬುದನ್ನು ಮಾತ್ರ ನಾವೇ ಗೊತ್ತು ಮಾಡಿಕೊಳ್ಳಬೇಕು. ಇಲ್ಲವೇ ಹಡಗಿನವರದೇ ಬಸ್ಸಿನ ಟೂರಿನಲ್ಲಿ ಹೋಗಬೇಕು. ಹೀಗೆ ಇಳಿದು ಸುತ್ತುವುದಕ್ಕೆ ಶೋರ್ ಎಕ್ಸ್‌ಕರ್ಷನ್ ಎನ್ನುತ್ತಾರೆ.

"ಈ ಸಲ ನಾವೇ ಕಣಮ್ಮಿ," ಎಂದರು. ನಮ್ಮಂಗಡಿಯ ವ್ಯಾಪಾರ ಮೊದಲಿನಿಂದಲೂ ಜಿಲ್ಲೆಗೇ ಮುಂದು. ಹಾಗಾಗಿ ನಾನೂ ನಂಬಿದೆ.

ಅಂದಿನಿಂದ ಶುರುವಾಯಿತು ಹುಚ್ಚು. ಮೊಬೈಲಿನಲ್ಲಿ ಹಡಗಿನ ವಿಡಿಯೊ ಬಿಟ್ಟರೆ ಬೇರೇನಿಲ್ಲ. ಪೇಂಟ್ ಅಂಗಡಿಯಲ್ಲಿ ಮಿಶ್ರಣ ತಪ್ಪಿ ಯಾರಿಗೂ ಬೇಡವಾದ ಡಬ್ಬಗಳು ಬಿದ್ದೇ ಇರುತ್ತವೆ. ಕವಲಂದೆಯ ಗಿರಾಕಿಯೊಬ್ಬರು ಒಲ್ಲೆ ಎಂದು ಬಿಟ್ಟುಹೋದ ನೀಲಿಯಲ್ಲಿ ಮನೆಯ ಹಿಂದಿನ ಗೋಡೌನಿನ ಗೋಡೆಯ ಮೇಲೆ ಸಮುದ್ರ ಬಳಿದರು. ಗೇಟಿಗೆ ಬಳಿಯುವ ಕೆಂಪು ರೆಡಾಕ್ಸೈಡಿನಲ್ಲಿ ಇಟಲಿ ಬರೆದರು. ಒಂದೊಂದು ಬಂದರಿಗೂ ಒಂದು ಚುಕ್ಕೆ, ಪಕ್ಕದಲ್ಲಿ ಕನ್ನಡದಲ್ಲಿ ಹೆಸರು. ಹತ್ತಿರ ಹೋಗಿ ನೋಡಿದರೆ ರೋಮಿನ ಬಂದರು ರೋಮಿನಲ್ಲಿಲ್ಲ! ಊರಿಗೂ ಬಂದರಿಗೂ ನಡುವೆ ರೈಲಿನ ಹಳಿಯನ್ನೂ ಎಳೆದಿದ್ದರು.

ನಾನು ಚಪಾತಿ ಲಟ್ಟಿಸುವಾಗ ಬಂದು ನಿಲ್ಲುತ್ತಿದ್ದರು. "ನೇಪಲ್ಸಲ್ಲಿ ಬೆಂಕಿ ಬೆಟ್ಟ ಅತ್ತೀಯೋ, ಬೂದೀಲಿ ಮುಚ್ಚೋಗಿದ್ದ ಊರು ನೋಡ್ತೀಯೋ?"

"ಯಾವುದ್ರಲ್ಲಿ ನಡಿಯೋದು ಕಮ್ಮಿ ಅದು."

"ನಡಿಯೋಕಾಗಲ್ಲ ಅಂದ್ರೆ ಅಷ್ಟ್ ದೂರ ಯಾಕ್ ಬತ್ತೀಯ?"

ಬೆಳಗಿನ ಲಿಂಗಪೂಜೆ ಆಗದೆ ಇವರು ಬಾಯಿಗೆ ನೀರೂ ಹಾಕುವುದಿಲ್ಲ. ಹಡಗು ಬಂದರಿಗೆ ಬರುವ ಮುಂಚೆಯೇ ಸ್ನಾನ, ಪೂಜೆ, ತಿಂಡಿ ಮುಗಿದಿರಬೇಕು, ಮೊದಲು ಇಳಿಯುವವರು ನಾವೇ ಆಗಿರಬೇಕು ಎಂದು ಅದಕ್ಕೂ ಹೊತ್ತು ಗೊತ್ತುಮಾಡಿದರು. ನಾನು ಜಿನೋವಾದಲ್ಲಿ ಅಂಗಡಿ ಬೀದಿ ಸುತ್ತಬೇಕೆಂದೆ, ಅವರು ಹಳೇ ಅರಮನೆ ಎಂದರು. ಎರಡು ದಿನ ಮಾತು ಬಿಟ್ಟೆವು. ಟಿಕೆಟ್ಟಿನ ಸುಳಿವೂ ಇಲ್ಲದ ಹೊತ್ತಿಗೆ ಗಂಡ ಹೆಂಡತಿ ಜಿನೋವಾದಲ್ಲಿ ಜಗಳವಾಡಿ ಮುಗಿಸಿದ್ದೆವು.

ಈಗ ನನ್ನ ತಮ್ಮ ಮದನನ ವಿಷಯಕ್ಕೆ ಬರುತ್ತೇನೆ. ಅವನು ಅದೇ ವರ್ಷ ಟಿ. ನರಸೀಪುರದಲ್ಲಿ ಅದೇ ಕಂಪನಿಯ ಡೀಲರ್‌ಶಿಪ್ ತೆಗೆದುಕೊಂಡು ಹೊಸ ಅಂಗಡಿ ತೆರೆದ. ನಮ್ಮ ಕಡೆ ಹೊಸ ಅಂಗಡಿಗೆ ಮೊದಲ ವ್ಯಾಪಾರವನ್ನು, ಬೋಣಿಯನ್ನು, ಕೈಗುಣ ಚೆನ್ನಾಗಿರುವ ಹಿರಿಯರಿಂದ ಮಾಡಿಸುತ್ತಾರೆ. ಸಾಮಾನ್ಯವಾಗಿ ಒಂದು ಬ್ರಶ್ಶೋ ಒಂದು ಡಬ್ಬ ಪೇಂಟೋ ಕೊಳ್ಳುತ್ತಾರೆ. ಮದನ ಬೋಣಿಗೆ ಕರೆದದ್ದು ಇವರನ್ನು. ಇವರು ಹಾಗೆ ಮಾಡಿದರೆ ನಂಜೇಶ್ ಹೇಗಾದಾರು? ಪೂಜೆಗೆ ಬಂದ ಜನರೆಲ್ಲ ನೋಡುತ್ತಿದ್ದಾರೆ, ಹೆಂಡತಿಯ ತವರಿನವರು ನೋಡುತ್ತಿದ್ದಾರೆ. "ನಮ್ ಪಕ್ಕದೂರು ಅದಿನಾರಿನ ಕಲ್ಯಾಣ ಮಂಟಪದ ಆರ್ಡರು ನನ್ ತಾವ ಅದೆ. ಪೂರ್ತಿ ಮಂಟಪದ ಬಣ್ಣ ನಿನ್ ಬಿಲ್ಲಲ್ಲೇ ಓಗ್ಲಿ ಮದನ. ಇದೇ ನನ್ ಬೋಣಿ," ಎಂದುಬಿಟ್ಟರು. ಚಪ್ಪಾಳೆ ಬಿತ್ತು. ನನ್ನ ಎದೆಯೂ ಉಬ್ಬಿತು.

ವರ್ಷದ ಕೊನೆಗೆ ಕಂಪನಿಯ ಪಟ್ಟಿ ಬಂತು. ಮೊದಲನೆಯವನು ಮದನ, ಎರಡನೆಯವರು ಇವರು. ಇಬ್ಬರ ನಡುವೆ ಇದ್ದ ಅಂತರ ಆ ಒಂದು ಮಂಟಪದ್ದು. ಕಂಪನಿಯ ಹುಡುಗ ಅದನ್ನು ಬಾಯಿಬಿಟ್ಟು ಹೇಳದೆ ಇರಬಹುದಿತ್ತು. ಹೇಳಿದ.

ಇವರು ಅಂಗಡಿಯಲ್ಲಿ ಎಲ್ಲರೆದುರು "ಸಂತೋಷ, ಬಾಳ ಸಂತೋಷ" ಎಂದರು. ಮನೆಗೆ ಬಂದು ಅನ್ನದ ತಟ್ಟೆ ತಳ್ಳಿದರು. ಮರುದಿನ ಗೋಡೌನಿಗೆ ಪ್ರೈಮರ್ ಡಬ್ಬ, ರೋಲರ್ ತೆಗೆದುಕೊಂಡು ಹೋದರು. ಗೋಡೆಗೆ ಬಿಳಿ ಬಳಿಯಲು ಮನಸ್ಸು ಬರಲಿಲ್ಲ. ಗೋಡೆ ಸಪಾಟು ಮಾಡುವ ಪುಟ್ಟಿಯ ಚೀಲಗಳನ್ನು ಸಮುದ್ರದ ಮುಂದೆ ಒಟ್ಟಿ ಬಂದರು. ನನ್ನ ಸಂಕಟ ಯಾರಿಗೆ ಹೇಳಲಿ? ಹೋಗುತ್ತಿರುವುದು ಒಡಹುಟ್ಟಿದ ತಮ್ಮ, ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನರಸೀಪುರದಿಂದ ಮೈಸೂರಿಗೆ ಬಸ್ಸಿನಲ್ಲಿ ಹೋದರೆ ವಾಂತಿ ಮಾಡಿಕೊಳ್ಳುವ ಅವನ ಹೆಂಡತಿ ರಮ್ಯ ಹಡಗಿನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾಳಲ್ಲ ಎಂದು ನೆನೆದಾಗಲೆಲ್ಲ ಮೈಯೆಲ್ಲ ಉರಿಯುತ್ತಿತ್ತು.

ಹೊರಡುವ ಮುಂಚಿನ ಭಾನುವಾರ ಮದನ, ರಮ್ಯ ಸ್ವೀಟ್ ಬಾಕ್ಸ್ ಹಿಡಿದು ನಮ್ಮ ಮನೆಗೆ ಬಂದರು.

"ಭಾವ, ಎಲ್ಲೆಲ್ಲಿ ಇಳೀಬೇಕೋ ಏನ್ ನೋಡ್ಬೇಕೋ ನಂಗೊಂದೂ ಗೊತ್ತಾಗ್ತಿಲ್ಲ. ನೀವು ಎಲ್ಲಾ ತಿಳ್ಕೊಂಡಿದೀರಂತಲ್ಲ, ಯೋಳಿ," ಎಂದ ಮದನ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಅದಕ್ಕೇ ಇನ್ನಷ್ಟು ಕೋಪ ಬಂತು.

"ಅಡಗಿನೋರೇ ಬಸ್ಸಲ್ಲಿ ಕರ್ಕೊಂಡೋಗ್ತಾರೆ, ಅದ್ರಲ್ಲಿ ಓಗಿ ಸಾಕು," ಎಂದರು ಇವರು, ಕ್ಯಾಲೆಂಡರ್ ನೋಡುತ್ತಾ. ಒಂದು ಊರಿನ ಹೆಸರೂ ಬಾಯಿಂದ ಹೊರಡಲಿಲ್ಲ.

ರಮ್ಯ ಕೈ ತೊಳೆಯಲು ಗೋಡೌನಿನ ಕಡೆ ಹೋದವಳು ಚೀಲಗಳ ಮೇಲಿನಿಂದ ಇಣುಕಿ ನೋಡಿ, "ಅಯ್ಯೋ ಅಣ್ಣ, ಎಷ್ಟ್ ಚೆನ್ನಾಗಿ ಬರ್ದಿದೀರ!" ಎಂದು ಕೂಗಿ ಫೋನಿನಲ್ಲಿ ಫೋಟೋ ತೆಗೆದೇಬಿಟ್ಟಳು. ಇವರು ಜೇಬು ಕತ್ತರಿಸಿಕೊಂಡವರ ಹಾಗೆ ನಿಂತರು. ಆಮೇಲೆ ವಿಧಿಯಿಲ್ಲದೆ ಚೀಲ ಸರಿಸಿದರು. ಮೊದಲು ಒಂದೊಂದೇ ಮಾತು. ಆಮೇಲೆ ಕಟ್ಟೆ ಒಡೆಯಿತು. ಮಾರ್ಸೇಯ ಗುಡ್ಡದ ಮೇಲಿನ ಚರ್ಚಿಗೆ ಬಸ್ಸೆಲ್ಲಿ ಸಿಗುತ್ತದೆ, ರೋಮಿನ ರೈಲು ಎಲ್ಲಿ ಹತ್ತಬೇಕು ಎಲ್ಲ ಹೇಳಿದರು. ಕೊನೆಗೆ ಬೆರಳೆತ್ತಿ, "ಅಡಗಿನೋರ ಟೂರಲ್ಲಿ ಓದ್ರೆ ಲೇಟಾದ್ರೂ ಅಡಗು ಕಾಯ್ತದೆ. ನೀವ್ ನೀವೇ ಇಳ್ದೋದ್ರೆ ಕಾಯಲ್ಲ, ಬುಟ್ಟೋಯ್ತದೆ. ಇದೊಂದ್ ಮರೀಬ್ಯಾಡಿ," ಎಂದರು.

ಅವರಿಬ್ಬರೂ ಹೋದ ಮೇಲೆ ಇವರು ನನ್ನ ಮೇಲೆ ಹರಿಹಾಯ್ದರು. "ನಿನ್ ತವರಿನೋರಿಗೆ ಮಂಟಪ ಕೊಟ್ಟೆ, ಅಡಗು ಕೊಟ್ಟೆ, ಈಗ ಗೋಡೇನೂ ಕಿತ್ಕೊಂಡೋದ್ರು!"

ಹಡಗು ಹೊರಟಿತು. ವಾಟ್ಸ್ಆ್ಯಪಿನಲ್ಲಿ ಫೋಟೋಗಳು ಬರತೊಡಗಿದವು. ಬಾರ್ಸಿಲೋನಾದಲ್ಲಿ ಮದನ ಐಸ್‌ಕ್ರೀಮ್ ತಿನ್ನುತ್ತಿದ್ದ, ಹಿಂದೆ ಒಂದು ಕಂಬ ಕಾಣುತ್ತಿತ್ತು. ಮಾರ್ಸೇಯಲ್ಲಿ ರಮ್ಯಳಿಗೆ ತಲೆಸುತ್ತು, ಇಬ್ಬರೂ ಇಳಿಯಲೇ ಇಲ್ಲ. ಜಿನೋವಾದಲ್ಲಿ ಮಳೆ ಎಂದು ರೂಮಿನಲ್ಲೇ ಮಲಗಿದರು. ರೋಮಿನಲ್ಲಿ ಹಡಗಿನವರ ಬಸ್ಸಿನಲ್ಲಿ ಹೋಗಿ ಬೆಲ್ಟ್ ಕೊಂಡುಬಂದರು. ಇಷ್ಟು ದಿನ ಇವರ ಹೊಟ್ಟೆಯಲ್ಲಿದ್ದದ್ದು ಬರೀ ಉರಿ, ಈಗ ಅದು ಸಂಕಟವಾಯಿತು. ಪಡೆದವನು ಅನುಭವಿಸಿದರೆ ಬೈಯಬಹುದು. ಪಡೆದೂ ಮಲಗಿಕೊಂಡವನನ್ನು ಏನೆಂದು ಬೈಯುವುದು? "ರೋಮಿಗೋಗಿ ಬೆಲ್ಟ್ ತಗೊಂಡವ್ನೆ," ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿದರು. ಅವರಿಗೇನು ಅರ್ಥವಾಗಬೇಕು!

ನೇಪಲ್ಸಿನ ದಿನ ಸಂಜೆಯ ಕಾಫಿ ಹೊತ್ತಿಗೆ ನಾನು ಅಂಗಡಿಯಲ್ಲಿದ್ದೆ. ಮದನನೇ ವಿಡಿಯೊ ಕಾಲ್ ಮಾಡಿದ. ಅಲ್ಲಿ ಇನ್ನೂ ಮಧ್ಯಾಹ್ನ. ಏಳುವುದು ತಡವಾಗಿ ಹಡಗಿನವರ ಬಸ್ಸು ತಪ್ಪಿತಂತೆ, ರಮ್ಯ ಮಲಗಿದ್ದಾಳಂತೆ, ಬೇಜಾರಂತೆ.

"ಬೇಜಾರಾ?" ಇವರು ಕುರ್ಚಿಯಿಂದ ಎದ್ದರು. "ಅಡಗು ಒರಡಕ್ಕೆ ಇನ್ನೂ ಒತ್ತದೆ. ಇಳೀಲಾ ಕೆಳಕ್ಕೆ! ಈಗ್ಲೇ ಇಳಿ!"

ಭಾವನ ದನಿಗೆ ಹೆದರಿ ಅವನು ಇಳಿದ. ಇವರು ಇಲ್ಲಿಂದ ದಾರಿ ಹೇಳತೊಡಗಿದರು. ಗೇಟು ದಾಟು, ಎದುರಿಗೆ ದುಂಡು ಬುರುಜಿನ ಕೋಟೆ ಬತ್ತದೆ, ಅದರ ಪಕ್ಕದ ಏರು ಹತ್ತು. ಬಂತು. ಗಾಜಿನ ಸೂರಿನ ದೊಡ್ಡ ಅಂಗಡಿ ಸಾಲು ಬತ್ತದೆ, ಒಳಕ್ಕೆ ಹೋಗಿ ಮೇಲೆ ನೋಡು. ಬಂತು. ನೋಡದ ಊರಿನಲ್ಲಿ ಇವರಿಗೆ ಒಂದು ತಿರುವೂ ತಪ್ಪಲಿಲ್ಲ. ನಡುನಡುವೆ ಮದನ ಫೋನನ್ನು ತನ್ನ ಕಡೆ ತಿರುಗಿಸಿ ಹಲ್ಲು ಕಿರಿಯುತ್ತಿದ್ದ.

"ನಿನ್ ಮಖ ಯಾರ್ ಕೇಳಿದ್ರಲಾ? ದಾರಿ ತೋರ್ಸು!"

ಗೇಟಿಗೆ ಬಣ್ಣ ಕೊಳ್ಳಲು ಬಂದಿದ್ದ ತಾಂಡವಪುರದ ಗುರುಸಿದ್ದಮ್ಮನೂ ಕನ್ನಡಕ ಏರಿಸಿ ಬಗ್ಗಿದರು. "ಯಾವೂರಪ್ಪ ಇದು, ಮೈಸೂರಾ?"

"ಅಲ್ಲ ಕಣವ್ವ, ನೇಪಲ್ಸು," ಎಂದರು ಇವರು, ತಮ್ಮದೇ ಸೈಟು ತೋರಿಸುವ ಹಾಗೆ.

ನಾನು ಗೋಡೆ ಗಡಿಯಾರ ನೋಡಿದೆ. ಹಡಗಿನ ಬಾಗಿಲು ಹಾಕುವ ಹೊತ್ತು ಹತ್ತಿರ ಬಂದಿತ್ತು. ರಮ್ಯ ಹಡಗಿನಲ್ಲಿ, ಅವನ ಪಾಸ್‌ಪೋರ್ಟು ಹಡಗಿನಲ್ಲಿ, ಅವನು ಭಾಷೆ ಬಾರದ ಊರಿನ ಬೀದಿಯಲ್ಲಿ. "ರೀ, ಒತ್ತಾಯ್ತು," ಎಂದೆ. ಕೇಳಿಸದವರ ಹಾಗೆ, "ಇನ್ನೊಂಚೂರು ಮುಂದಕ್ಕೋಗು," ಎಂದರು ಫೋನಿಗೆ. ಮತ್ತೆ ಹೇಳಿದೆ. ನನ್ನ ಕೈ ಪಕ್ಕಕ್ಕೆ ಸರಿಸಿದರು. ಅವರಿಗೆ ಹೊತ್ತು ಗೊತ್ತಿಲ್ಲದೆ ಇಲ್ಲ. ಆ ಹಡಗಿನ ಹೊತ್ತುಗಳೆಲ್ಲ ಅವರಿಗೆ ಬಾಯಿಪಾಠ. ಮದನ ಅಲ್ಲೇ ಉಳಿದುಹೋಗಲಿ ಎಂದು ಅವರ ಮನಸ್ಸಿನಲ್ಲಿತ್ತೋ, ನೋಡುವ ಆಸೆಗೆ ಬಿಡಲಾಗಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ಗಳಿಗೆಯಲ್ಲಿ ನನಗೆ ನನ್ನ ಗಂಡನ ಭಯವಾಯಿತು.

ದೊಡ್ಡ ಚೌಕ ಬಂತು. ಒಂದು ಕಡೆ ಅರಮನೆ, ಇನ್ನೊಂದು ಕಡೆ ಸಾಲುಕಂಬದ ಚರ್ಚು. ಮದನ ಫೋನು ಎತ್ತಿ ಹಿಡಿದ. "ಭಾವ, ಅಲ್ಲಿ ಇಳಿಜಾರಲ್ಲೊಂದು ರಸ್ತೆ ಓಯ್ತಾ ಅದೆ. ತುದೀಲಿ ಸಮುದ್ರ ಇರೋ ಅಂಗದೆ. ಏನದೆ ಆ ಕಡೆ? ಓಗ್ಲಾ?"

ಆ ಕಡೆ ಏನಿದೆ ಎಂದು ನನಗೆ ಗೊತ್ತು. ನೀರಿನೊಳಗೇ ಕಟ್ಟಿದ ಹಳೇ ಕೋಟೆ, ಉದ್ದಕ್ಕೆ ತಗ್ಗು ಗೋಡೆ, ಎದುರಿಗೆ ಬೆಂಕಿ ಬೆಟ್ಟ. ಒಂದೊಂದು ಊರಿನಲ್ಲೂ ನನ್ನನ್ನು ಓಡಿಸಲು ಲೆಕ್ಕ ಹಾಕಿದ್ದ ಇವರು ಅಲ್ಲಿ ಮಾತ್ರ, "ಏನೂ ನೋಡೋದು ಬ್ಯಾಡ, ಆ ಗೋಡೆ ಮೇಲೆ ಇಬ್ರೂ ಕೂತ್ಕೊಳ್ಳೋಣ," ಎಂದಿದ್ದರು. ನನಗೂ ಆ ಇಡೀ ಹಡಗಿನ ಪ್ರವಾಸದಲ್ಲಿ ಆಸೆಯಾಗಿದ್ದದ್ದು ಅದೊಂದೇ.

ಇವರು ಪರದೆ ನೋಡಿದರು. ನನ್ನ ಮುಖ ನೋಡಿದರು.

"ಅಲ್ಲೇನೂ ಇಲ್ಲ ಕಣ್ಲಾ. ಬರೀ ಗೋಡೌನ್‌ಗಳು, ಮೀನಿನ ವಾಸ್ನೆ. ತಿರುಗು, ಅಡಗಿಗೆ ಓಡು!"

"ಕಾಯ್ತಾರೆ ಬುಡಿ ಭಾವ. ನಮ್ ಕಂಪನಿ ಜನವೇ ಅಷ್ಟೊಂದವ್ರೆ, ನಮ್ಮುನ್ನ ಬುಟ್ಟು ಓದಾರಾ?"

ನಮ್ಮ ಕಡೆಯ ಮದುವೆ ಬಸ್ಸು ಹಾಗೇ. ಕೊನೆಯ ದೊಡ್ಡಪ್ಪ ಎಲೆಅಡಿಕೆ ಹಾಕಿಕೊಂಡು ಬಂದು ಹತ್ತುವವರೆಗೂ ಡ್ರೈವರು ಹಾರ್ನ್ ಹೊಡೆಯುತ್ತಾ ನಿಂತಿರುತ್ತಾನೆ. ಮದನ ಹುಟ್ಟಿದಾಗಿನಿಂದ ಅಂಥ ಬಸ್ಸನ್ನೇ ಕಂಡವನು.

"ಅದು ಮದ್ವೆ ಬಸ್ಸಲ್ಲ ಕಣ್ಲೇ! ನಿನ್ ಎಂಡ್ತೀನ ಕರ್ಕೊಂಡು ಒಂಟೋಯ್ತದೆ! ಓಡ್ಲಾ!" ಅಂಗಡಿಯ ಗಾಜೆಲ್ಲ ಅದುರಿತು. ಗುರುಸಿದ್ದಮ್ಮ ಎದೆ ಹಿಡಿದುಕೊಂಡರು.

ಮದನ ಓಡಿದ. ಫೋನಿನಲ್ಲಿ ಕಲ್ಲುಹಾಸು, ಆಕಾಶ, ಯಾರದೋ ಕಾಲು, ಕೋಟೆಯ ಬುರುಜು ಎಲ್ಲ ಗಿರಗಿರ ತಿರುಗಿತು. ಇವರು "ಬಲಕ್ಕೆ, ಬಲಕ್ಕೆ" ಎನ್ನುತ್ತಾ ನಿಂತಲ್ಲೇ ಕಾಲು ಕುಣಿಸುತ್ತಿದ್ದರು. ಹಡಗಿನ ಏಣಿಯ ಹತ್ತಿರ ಬಿಳಿ ಅಂಗಿಯವನೊಬ್ಬ ಕೈಬೀಸಿ ಗದರುವುದು ಕಾಣಿಸಿತು. ಮದನ ಒಳಗೆ ಹೋದ. ಕಾಲ್ ಕಟ್ಟಾಯಿತು.

ಇವರು ಕುರ್ಚಿಯಲ್ಲಿ ಕುಸಿದು ಬೆವರು ಒರೆಸಿಕೊಂಡರು. ಗುರುಸಿದ್ದಮ್ಮನಿಗೆ ಗೇಟಿನ ಬಣ್ಣ ಕೊಟ್ಟು ಕಳಿಸಿ ನಾನು ಹತ್ತಿರ ಹೋದೆ. "ಗೋಡೌನು ಅಂದ್ರಲ್ಲ. ಅದು ಆ ಕೋಟೆ ದಾರಿ ಅಲ್ವಾ?"

"ಊಂ."

"ಮತ್ಯಾಕೆ ಸುಳ್ ಯೋಳಿದ್ರಿ? ಒತ್ತಾಯ್ತು ಅಂದ್ರೆ ಸಾಕಾಗಿತ್ತು."

"ಎಲ್ಲಾನೂ ಅವ್ನೇ ನೋಡ್ಬುಟ್ರೆ ನಮಗೇನಮ್ಮಿ ಉಳೀತದೆ?" ಎಂದರು, ನನ್ನ ಕಡೆ ನೋಡದೆ.

ಮದನ ಹಡಗು ಹತ್ತಿದನಲ್ಲ ಎಂದು ನನಗೆ ಸಮಾಧಾನವಾಯಿತು. ಅವನು ಆ ಇಳಿಜಾರು ಇಳಿಯಲಿಲ್ಲವಲ್ಲ ಎಂದು ಅದಕ್ಕಿಂತ ಹೆಚ್ಚು ಸಮಾಧಾನವಾಯಿತು.