ಪದರಗಳನ್ನು ಸಾಲಿಗೆ ತಂದದ್ದು

ಯಾರಾದರೂ ‘ಬಿಟ್ಟುಬಿಡು’ ಎಂದರೆ ಹಿಡಿತ ಇನ್ನಷ್ಟು ಬಿಗಿ ಮಾಡುವ ಗುಣ ನನ್ನದು. ಇದನ್ನು ನಾನು ಛಲ ಎನ್ನುತ್ತೇನೆ, ಮನೆಯವರು ಹಟ ಎನ್ನುತ್ತಾರೆ. ಅಫಜಲಪುರದ ಕಾಲೇಜಿನಲ್ಲಿ ಇಪ್ಪತ್ತು ವರ್ಷ ರಸಾಯನಶಾಸ್ತ್ರ ಕಲಿಸಿ, ಓದುವ ಕನ್ನಡಕ ಬಂದ ಮೇಲೆ ಪಿಎಚ್‌.ಡಿ.ಗೆ ಹೆಸರು ಹಚ್ಚಿದ್ದು ಈ ಗುಣದಿಂದಲೇ. ನನ್ನ ಮಾರ್ಗದರ್ಶಕರು ನನಗಿಂತ ಹತ್ತು ವರ್ಷ ಚಿಕ್ಕವರು. ಅವರು ನನ್ನನ್ನು ಮೇಡಂ ಎನ್ನುತ್ತಾರೆ, ನಾನು ಅವರನ್ನು ಸರ್ ಎನ್ನುತ್ತೇನೆ. ಹೀಗೆ ಒಬ್ಬರಿಗೊಬ್ಬರು ಅಂಜುತ್ತಲೇ ವಿಜ್ಞಾನ ನಡೆಸಿದೆವು.

ವಿಷಯ ಬ್ಲಾಕ್ ಕೋಪಾಲಿಮರ್. ಹೆಸರಿಗೆ ಹೆದರಬೇಡಿ. ಎರಡು ಜಾತಿಯ ಉದ್ದನೆಯ ಅಣು ಸರಪಳಿಗಳು, ಒಂದರ ತುದಿಗೆ ಇನ್ನೊಂದನ್ನು ಜೋಡಿಸಿರುತ್ತದೆ. ಎಣ್ಣೆ ನೀರಿನಂತೆ ಅವು ಬೆರೆಯುವುದಿಲ್ಲ, ಆದರೆ ಬಿಟ್ಟು ಹೋಗುವಂತೆಯೂ ಇಲ್ಲ. ಆದ್ದರಿಂದ ತಮ್ಮ ತಮ್ಮವರನ್ನು ಹುಡುಕಿಕೊಂಡು ತೆಳುವಾದ ಪದರ ಪದರವಾಗಿ ನೆಲೆಸುತ್ತವೆ. ತೊಂದರೆಯೆಂದರೆ ಒಂದೊಂದು ಗುಂಪಿನ ಪದರಗಳು ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತವೆ. ಎರಡು ಬಿಸಿ ತಟ್ಟೆಗಳ ನಡುವೆ ಈ ವಸ್ತುವನ್ನಿಟ್ಟು, ಮೇಲಿನ ತಟ್ಟೆಯನ್ನು ಹಿಂದೆ ಮುಂದೆ ಸರಿಸಿ ಎಲ್ಲವನ್ನೂ ಒಂದೇ ದಿಕ್ಕಿಗೆ ತರುವುದು ನನ್ನ ಕೆಲಸ. ಕ್ಷ-ಕಿರಣದ ಚಿತ್ರದಲ್ಲಿ ಪೂರ್ತಿ ಉಂಗುರ ಬಂದರೆ ಪದರಗಳು ಚೆಲ್ಲಾಪಿಲ್ಲಿ. ಎದುರುಬದುರು ಎರಡು ಚುಕ್ಕೆ ಬಂದರೆ ಗೆದ್ದಂತೆ.

ಮೂರು ವರ್ಷ ರಜೆಯ ದಿನಗಳಲ್ಲಿ ಚೌಡಾಪುರದ ಮೇಲೆ ಹಾಯುವ ಬಸ್ಸು ಹಿಡಿದು ಕಲಬುರಗಿಯ ಪ್ರಯೋಗಶಾಲೆಗೆ ಹೋದೆ. ಮೂರು ವರ್ಷವೂ ಉಂಗುರ. ನಾಲ್ಕು ತೊಲ ಬಂಗಾರದ್ದಾಗಿದ್ದರೆ ಮನೆಯಲ್ಲಿ ಯಾರೂ ಬೇಡವೆನ್ನುತ್ತಿರಲಿಲ್ಲ.

ಕೊನೆಗೆ ಮಾರ್ಗದರ್ಶಕರು ಮೆಲ್ಲಗೆ ಮಾತು ತೆಗೆದರು. “ಮೇಡಂ, ಇದನ್ನ ಬಿಡ್ರಿ. ಸುಲಭದ್ದೊಂದು ವಿಷಯ ತಗೋರಿ. ಟೈಮ್ ಭಾಳ ಉಳಿದಿಲ್ಲ.”

“ಒಂದ್ ತಿಂಗಳ ಕೊಡ್ರಿ ಸರ್. ಆಗಲಿಲ್ಲಂದ್ರ ನೀವ್ ಹೇಳಿದ್ದ ಮಾಡ್ತೇನಿ,” ಎಂದೆ. ದನಿ ಗಟ್ಟಿಯಾಗಿತ್ತು. ಬಸ್ಸಿನಲ್ಲಿ ಕಣ್ಣೊರೆಸಿಕೊಂಡೆ. ಪಕ್ಕದವರು ಧೂಳೆಂದು ಕಿಟಕಿ ಮುಚ್ಚಿದರು.

ಆ ವಾರ ಹೊಸ ಪ್ರಯೋಗ ಮಾಡಲಿಲ್ಲ. ನನ್ನ ಹಳೆಯ ನೋಟ್‌ಬುಕ್ಕುಗಳನ್ನು ಬೇರೆ ಯಾರದೋ ಎಂಬಂತೆ ಓದಿದೆ. ಬರೆದವಳು ಅಂಜುಬುರುಕಿ ಎಂದು ಗೊತ್ತಾಯಿತು. ಕಾವು ಹೆಚ್ಚಾದರೆ ಪದರಗಳೇ ಕರಗಿ ಕಲಸಿಹೋಗುತ್ತವೆಂದು ಹೆದರಿ ಕಾವು ಕಡಿಮೆ ಇಟ್ಟಿದ್ದಳು. ಕಡಿಮೆ ಕಾವಿಗೆ ಅವು ಬಿಗಿದುಕೊಂಡಿದ್ದವು, ಅದಕ್ಕೆ ಜೋರಾಗಿ ಜಗ್ಗಿದ್ದಳು. ಜಗ್ಗಿದಷ್ಟೂ ಪದರಗಳು ಮುರಿದು ತುಂಡಾಗಿದ್ದವು. ನಡುವೆ ಒಂದೇ ಒಂದು ಸಲ ಕೈತಪ್ಪಿ ಕಾವು ಏರಿತ್ತು. ಅದರ ಚಿತ್ರದ ಮೇಲೆ ನನ್ನದೇ ಅಕ್ಷರದಲ್ಲಿ ‘ಕೆಟ್ಟದ್ದು’ ಎಂದಿತ್ತು. ಕನ್ನಡಕ ಒರೆಸಿ ನೋಡಿದರೆ, ಆ ಉಂಗುರ ಎರಡು ಕಡೆ ತುಸು ದಪ್ಪಗಾಗಿತ್ತು.

ಮುಂದಿನ ಭಾನುವಾರ ಕಾವನ್ನು ಪದರಗಳು ಕರಗುವ ಅಂಚಿನವರೆಗೆ ಏರಿಸಿ, ಅಲ್ಲೇ ನಿಲ್ಲಿಸಿ, ತಟ್ಟೆಯನ್ನು ನಿಧಾನವಾಗಿ ಗಂಟೆಗಟ್ಟಲೆ ಆಡಿಸಿದೆ. ಉಂಗುರ ಎರಡು ಕಡೆ ಹರಿದು ಬೇರಾಯಿತು. ಕಾಲೇಜಿಗೆ ರಜೆ ಹಾಕಿ ಮರುದಿನಗಳಲ್ಲಿ ಮತ್ತೆ ಮಾಡಿದೆ, ಮತ್ತೆ ಹರಿಯಿತು. ನಾಲ್ಕನೆಯ ಸಲಕ್ಕೆ ಕುಂಕುಮ ಇಟ್ಟಂತೆ ಎರಡು ಚುಕ್ಕೆ! ಅಷ್ಟಕ್ಕೇ ಸುಮ್ಮನಿರಲಾಗದೆ ವೇಗ ಹೆಚ್ಚಿಸಿ ನೋಡಿದೆ. ಮಲಗಿದ್ದ ಪದರಗಳು ಸಾಲು ಗೋಡೆಗಳಂತೆ ಎದ್ದು ನಿಂತವು, ಆಗಲೂ ಎಲ್ಲವೂ ಒಂದೇ ದಿಕ್ಕಿಗೆ. ಮಾರ್ಗದರ್ಶಕರು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, “ಇದನ್ನ ಬಿಡ್ರಿ ಅಂದಿದ್ನಲ್ರಿ ನಾ,” ಎಂದು ತಾವೇ ಹೋಗಿ ಚಹಾ ತಂದರು.

ಸಂಜೆ ಮನೆಗೆ ಬಂದಾಗ ಅತ್ತೆ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಮಟಕಿ ಎಂಬ ಹಳ್ಳಿಯ ಹೆಣ್ಣುಮಗಳು, ಶಾಲೆ ಕಂಡವರಲ್ಲ. ಎಲ್ಲ ಹೇಳಿದೆ. ಅವರು ಮೊರದಿಂದ ಕಣ್ಣೆತ್ತಲಿಲ್ಲ.

“ಹಂಗಾದ್ರ ಎರಡೂ ಒಂದಾದ್ವು ಅನ್ನು.”

“ಇಲ್ರಿ ಅತ್ತಿ. ಅವು ಒಂದಾಗಂಗಿಲ್ಲ. ಹೊಂದ್ಕೊಂಡು ಒಂದ ದಿಕ್ಕಿಗಿ ಕುಂತ್ವು, ಅಷ್ಟ.”

“ಒಂದಾಗೂದು ಯಾರಿಗಿ ಬೇಕಾಗ್ಯದ ಬೇ? ಅಷ್ಟಾದ್ರ ಸಂಸಾರ ನಡೀತದ.”

ನನಗೆ ಮೂರು ವರ್ಷ ಹಿಡಿದದ್ದು ಅವರಿಗೆ ಒಂದು ಮೊರ ಬೇಳೆ ಮುಗಿಯುವಷ್ಟರಲ್ಲಿ ತಿಳಿದಿತ್ತು. ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಅದನ್ನೇ ಸಮೀಕರಣ ಹಾಕಿ ಬರೆದೆ. ಮಾರ್ಗದರ್ಶಕರು ಒಂದಕ್ಷರವನ್ನೂ ತಿದ್ದಲಿಲ್ಲ.