ಗೆರೆಗೆ ಅಂಟಿಕೊಂಡ ಚುಕ್ಕಿಗಳು

ಬಸವೇಶ್ವರನಗರದ ಅನಂತಲಕ್ಷ್ಮಿ ಅರ್ಥಶಾಸ್ತ್ರದ ಎಂ.ಎ.ಗೆ ಎರಡು ಸಲ ಸೇರಿದವರು. ಮೊದಲ ಸಲ ಮದುವೆ ಗೊತ್ತಾಗಿ ಅರ್ಧಕ್ಕೇ ಬಿಟ್ಟರು. ಎರಡನೆಯ ಸಲ ಸೇರುವ ಹೊತ್ತಿಗೆ ಮಗಳೇ ಕಾಲೇಜಿಗೆ ಹೋಗುತ್ತಿದ್ದಳು. ಕ್ಲಾಸಿನ ಹುಡುಗರು ಅವರನ್ನು ‘ಆಂಟಿ’ ಎಂದು ಕರೆಯುತ್ತಿದ್ದರು.

ಅವರನ್ನು ಸತಾಯಿಸಿದ್ದು ಅಂಕಿಅಂಶಗಳನ್ನು ಗಣಿತದಿಂದ ಅಳೆಯುವ ಎಕನಾಮೆಟ್ರಿಕ್ಸ್. ಅದನ್ನು ಕಲಿಸುವ ಗಿರಿರಾಜ್ ಸರ್ ಬೋರ್ಡಿಗೇ ಮುಖ ಮಾಡಿ, ಗ್ರೀಕ್ ಅಕ್ಷರಗಳನ್ನು ತುಂಬಿಸಿ, ಅಳಿಸಿ ಹೊರಟುಬಿಡುತ್ತಿದ್ದರು. ಅನಂತಲಕ್ಷ್ಮಿ ಮನೆಯಲ್ಲಿ ಒಲೆಯ ಮೇಲೆ ಸಾರು ಕುದಿಯುವಾಗ ಒಂದೊಂದೇ ಸಾಲು ಬಿಡಿಸುತ್ತ ಕೂರುತ್ತಿದ್ದರು. ಬರುಬರುತ್ತಾ ತಿಳಿಯಿತು: ಚೆಲ್ಲಾಪಿಲ್ಲಿಯಾದ ಅಂಕಿಗಳ ನಡುವೆ ಒಂದು ಗೆರೆ ಎಳೆಯಬೇಕು, ಆ ಗೆರೆಯನ್ನು ಎಷ್ಟು ನಂಬಬಹುದೆಂದು ಪರೀಕ್ಷಿಸಬೇಕು. ಆ ಎರಡನೆಯ ಮಾತು ಅವರಿಗೆ ಬಹಳ ಹಿಡಿಸಿತು.

ಪ್ರಾಜೆಕ್ಟಿಗೆ ಅವರಿಗೆ ಜೋಡಿಯಾಗಿ ಸಿಕ್ಕವನು ಸಮರ್ಥ. ಚುರುಕು ಹುಡುಗ. ಮನೆ ದೂರವಾದಷ್ಟೂ ಗಾರ್ಮೆಂಟ್ಸ್ ಕಾರ್ಖಾನೆಯ ಹೆಂಗಸರು ಕೆಲಸಕ್ಕೆ ರಜೆ ಹಾಕುವುದು ಹೆಚ್ಚೇ ಎಂಬುದು ಪ್ರಶ್ನೆ. ಹೆಂಗಸರನ್ನೇ ಕೇಳಿ ಅಂಕಿ ತರಲು ಕಾಮಾಕ್ಷಿಪಾಳ್ಯ ಇವರಿಗೆ, ಸುಂಕದಕಟ್ಟೆ ಅವನಿಗೆ.

ಶಿಫ್ಟ್ ಬಿಡುವ ಹೊತ್ತಿಗೆ ಅನಂತಲಕ್ಷ್ಮಿ ಬಸ್‌ಸ್ಟಾಪಿನಲ್ಲಿ ನಿಲ್ಲುತ್ತಿದ್ದರು. ಕೆಲವರು ಮುಖ ತಿರುಗಿಸಿದರು, ಕೆಲವರು ಸಾಲ ವಸೂಲಿಯವರೆಂದು ಹೆದರಿದರು. ಕುಷ್ಟಗಿ ಕಡೆಯ ನೀಲಾಂಬಿಕಾ ಎಂಬಾಕೆ ಮಾತ್ರ ಬಸ್ ಬಂದರೂ ಹತ್ತಲಿಲ್ಲ.

“ನಿಮ್ಮ ಬಸ್ ಹೋಗ್ತಾ ಇದೆಯಲ್ಲಮ್ಮಾ!”

“ಹೋಗ್ಲಿ ಬಿಡ್ರಿ ಅಕ್ಕಾರ. ನಮ್ಮನ್ನ ಯಾರರ ಏನರ ಕೇಳ್ತಾರೇನ್ರಿ? ನೀವು ಕೇಳ್ರಿ.”

ಆಕೆ ರಜೆ ಹಾಕುವುದು ಮನೆ ದೂರವೆಂದಲ್ಲ, ಅತ್ತೆಗೆ ಪಾರ್ಶ್ವವಾಯು ಬಡಿದದ್ದರಿಂದ. ಅನಂತಲಕ್ಷ್ಮಿ ಅದನ್ನೂ ಬರೆದುಕೊಂಡರು.

ಸಮರ್ಥ ತನ್ನ ಅಂಕಿಗಳನ್ನು ಒಂದೇ ವಾರದಲ್ಲಿ ಕಳಿಸಿದ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದಾಗ, ದೂರವಾದಷ್ಟೂ ರಜೆ ಹೆಚ್ಚೆಂಬ ಫಲಿತಾಂಶ ಪುಸ್ತಕದಲ್ಲಿ ಕೊಟ್ಟ ಉದಾಹರಣೆಯಷ್ಟೇ ಅಂದವಾಗಿ ಬಂತು. ಗಿರಿರಾಜ್ ಸರ್ ಹಿಗ್ಗಿದರು. “ಸೆಮಿನಾರ್‌ಗೆ ಕಳ್ಸೋಣ. ನನ್ನ ಹೆಸರೂ ಹಾಕಿ.”

ಅನಂತಲಕ್ಷ್ಮಿಗೆ ಮಾತ್ರ ಸಮಾಧಾನವಾಗಲಿಲ್ಲ. ಪ್ರತಿ ಉತ್ತರವೂ ಗೆರೆಯಿಂದ ಎಷ್ಟು ದೂರ ಬಿದ್ದಿದೆ ಎಂದು ತೋರಿಸುವ ಚಿತ್ರ ತೆಗೆದು, ತಮ್ಮ ಚುಕ್ಕಿಗಳಿಗೆ ಕೆಂಪು, ಅವನವಕ್ಕೆ ನೀಲಿ ಬಣ್ಣ ಕೊಟ್ಟರು. ಕೆಂಪು ಚುಕ್ಕಿಗಳು ಒಗ್ಗರಣೆಯ ಸಾಸಿವೆಯಂತೆ ಎಲ್ಲೆಲ್ಲೋ ಸಿಡಿದಿದ್ದವು. ನೀಲಿಯವು ಗೆರೆಗೇ ಅಂಟಿಕೊಂಡಿದ್ದವು. ಯಾವ ಮನೆಯಲ್ಲೂ ಕಾಯಿಲೆಯಿಲ್ಲ, ಯಾರ ಮಗುವಿಗೂ ಜ್ವರವಿಲ್ಲ. ಅಷ್ಟು ಅಚ್ಚುಕಟ್ಟಾಗಿ ಬದುಕುವ ಮನುಷ್ಯರು ಎಲ್ಲಿದ್ದಾರೆ?

ಕ್ಯಾಂಟೀನಿನಲ್ಲಿ ಅವನ ಮುಂದೆ ಲ್ಯಾಪ್‌ಟಾಪ್ ತಿರುಗಿಸಿದರು. “ಸುಂಕದಕಟ್ಟೆಗೆ ಹೋಗಿದ್ಯಾ?”

ಅವನು ನಕ್ಕ. “ಆಂಟಿ, ಎಲ್ರೂ ಹಿಂಗೇ ಮಾಡೋದು. ರಿಸಲ್ಟ್ ಚೆನ್ನಾಗಿ ಬಂತಲ್ವಾ?”

“ಒಬ್ಬರನ್ನಾದ್ರೂ ಕೇಳಿದ್ಯಾ?”

ಅವನು ಫೋನ್ ನೋಡತೊಡಗಿದ. ಅನಂತಲಕ್ಷ್ಮಿ ಲ್ಯಾಪ್‌ಟಾಪ್ ಮುಚ್ಚಿ ಎದ್ದರು. ಬಸ್ ಬಿಟ್ಟು ನಿಂತ ಆ ಹೆಂಗಸಿನ ಮಾತನ್ನು ಈ ಹುಡುಗ ಕೂತಲ್ಲೇ ಹುಟ್ಟಿಸಿದ ಸುಳ್ಳಿನ ಪಕ್ಕ ತಾವೇ ಇಟ್ಟಿದ್ದರಲ್ಲ!

ನೇರ ಗಿರಿರಾಜ್ ಸರ್ ಕೋಣೆಗೆ ಹೋದರು. ಅವರು ಚಿತ್ರ ನೋಡಿದರು. ನೋಡಿದ ಕೂಡಲೇ ಅವರಿಗೆ ಅರ್ಥವಾಯಿತೆಂಬುದು ಮುಖದಲ್ಲೇ ಕಂಡಿತು. ಆದರೆ ಅವರು ಅಂದದ್ದು ಬೇರೆ: “ಇದು ಬರೀ ಕಲಿಕೆಗೆ ಮಾಡೋದು ಮೇಡಂ. ಮನೆ, ಸಂಸಾರ ಇರೋರು ನೀವು. ಇಷ್ಟೊಂದು ತಲೆ ಕೆಡಿಸ್ಕೋಬೇಡಿ.”

“ಮನೆ ಇರೋರು ಅಂತ ಸುಳ್ಳು ಬರೀಬೇಕಾ ಸಾರ್? ಗೆರೆನ ಪರೀಕ್ಷೆ ಮಾಡ್ಬೇಕು ಅಂತ ಪಾಠ ಹೇಳಿದ್ದು ನೀವೇ. ಯಾರಿಗೆ ಹೇಳಿದ್ರಿ, ಗೋಡೆಗಾ?” ದನಿ ಎಷ್ಟು ಏರಿತೆಂದರೆ ಕಾರಿಡಾರಿನಲ್ಲಿ ಹೋಗುತ್ತಿದ್ದವರು ನಿಂತರು. “ಕಾಮಾಕ್ಷಿಪಾಳ್ಯದ ಅಂಕಿ ನಾನು ತಂದಿದ್ದು. ವಾಪಸ್ ತಗೋತಾ ಇದೀನಿ. ನನ್ನ ಹೆಸರೂ ತೆಗೀರಿ. ಉಳಿದಿದ್ದನ್ನ ಎಲ್ಲಿಗೆ ಬೇಕಾದ್ರೂ ಕಳ್ಸಿ.”

ಉಳಿದದ್ದರಲ್ಲಿ ಹುರುಳಿರಲಿಲ್ಲ. ಸೆಮಿನಾರಿನ ಮಾತು ಅಲ್ಲಿಗೇ ನಿಂತಿತು. ವಿಭಾಗಕ್ಕೆ ದೂರು ಕೊಟ್ಟರೆ ಸಮಿತಿ ಮಾಡುತ್ತೇವೆಂದರು, ಮಾಡಲಿಲ್ಲ. ಅನಂತಲಕ್ಷ್ಮಿ ತಮ್ಮ ಅಂಕಿಗಳಿಂದಲೇ ವರದಿ ಬರೆದು, ದೂರಕ್ಕೂ ರಜೆಗೂ ನಂಟಿದೆ ಎನ್ನಲು ಇಷ್ಟು ಸಾಲದು ಎಂದು ಮುಗಿಸಿದರು. ಪಾಸಾಗುವಷ್ಟೇ ಅಂಕ ಬಂತು. ಹೊಸ ವರದಿ ಬರೆದುಕೊಟ್ಟ ಸಮರ್ಥನಿಗೆ ಅವರಿಗಿಂತ ಹೆಚ್ಚು.

“ಹೋಗ್ಲಿ ಬಿಡು, ಪಾಸಾಯ್ತಲ್ಲ,” ಎಂದರು ಗಂಡ ವೆಂಕಟಗಿರಿ, ಊಟಕ್ಕೆ ಕೂತು.

“ಬಿಡಲ್ಲ ರೀ. ಇನ್ನೊಂದು ಸಲ ಹೋಗ್ಲಿ ಬಿಡು ಅಂದ್ರೆ ನೋಡಿ,” ಎಂದರು ಅನಂತಲಕ್ಷ್ಮಿ. ಸೌಟು ಪಾತ್ರೆಗೆ ಬಡಿದ ಸದ್ದಿಗೆ ಮಗಳು ಕೋಣೆಯಿಂದ ಇಣುಕಿದಳು. ಮುಂದಿನ ಶನಿವಾರ ಅವರು ಒಬ್ಬರೇ ಮಾಗಡಿ ರಸ್ತೆಯ ಬಸ್ ಹತ್ತಿ, ಸಮರ್ಥ ಹೋಗದೇ ಬಿಟ್ಟ ಸುಂಕದಕಟ್ಟೆಯಲ್ಲಿ ಇಳಿದರು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಶಿಫ್ಟ್ ಬಿಟ್ಟ ಹೆಂಗಸರು ಗುಂಪುಗುಂಪಾಗಿ ಬರುತ್ತಿದ್ದರು. ಸೆರಗು ಸಿಕ್ಕಿಸಿಕೊಂಡು, ಪ್ರಶ್ನೆಗಳ ಹಾಳೆ ತೆಗೆದು, ಮೊದಲು ಎದುರಾದವಳನ್ನು ನಿಲ್ಲಿಸಿದರು.