ಮಾಮಾನ ಮಾತಾಡುವ ಕರ್ನಲ್

ನಮ್ಮ ಮನೆಯಲ್ಲಿ ಬೆಳಗಾದರೆ ಎಲ್ಲರಿಗಿಂತ ಮೊದಲು ಬಾಯಿ ಬಿಡುತ್ತಿದ್ದುದು ಮಾಮಾನ ಕಂಪ್ಯೂಟರು. ಇಲಕಲ್ಲಿನ ನಮ್ಮ ಓಣಿಯಲ್ಲಿ ಮಗ್ಗಗಳ ಸಪ್ಪಳ ಏಳುವ ಮುಂಚೆಯೇ ಅದು ನೆಗಡಿಯಾದವರ ದನಿಯಲ್ಲಿ “ಲಿನಕ್ಸ್ ವರ್ಷನ್ ಟೂ ಪಾಯಿಂಟ್ ಫೋರ್” ಎಂದು ಇಂಗ್ಲಿಷಿನಲ್ಲಿ ಒದರಲು ಶುರುಮಾಡುತ್ತಿತ್ತು. ಕಟ್ಟೆಯ ಮೇಲೆ ಹಲ್ಲುಜ್ಜುತ್ತ ಕೂತ ಅಪ್ಪ, “ಎದ್ರಪಾ ಸಾಹೇಬ್ರು” ಎಂದು ಬಾಯಿ ಮುಕ್ಕಳಿಸುತ್ತಿದ್ದ. ಎದುರುಮನೆಯ ಮುದುಕಿಗೆ ಅದು ಯಾವುದೋ ಇಂಗ್ಲಿಷ್ ಪ್ರಾರ್ಥನೆ ಎಂಬ ನಂಬಿಕೆ ಕೊನೆಯವರೆಗೂ ಹೋಗಲಿಲ್ಲ.

ಮಾಮಾ ಎಂದರೆ ಅವ್ವನ ತಮ್ಮ. ಹುಟ್ಟಿನಿಂದಲೇ ಕಣ್ಣಿಲ್ಲ. ನಮ್ಮ ಜೊತೆಗೇ ಇದ್ದ. ಹಗಲು ಬಸ್ ಸ್ಟ್ಯಾಂಡಿನ ಹತ್ತಿರ ಎಸ್‌ಟಿಡಿ ಬೂತ್ ನಡೆಸುತ್ತಿದ್ದ, ಉಳಿದ ಹೊತ್ತು ಕಂಪ್ಯೂಟರಿನ ಮುಂದೆ. ನಾನು ಬಾಗಲಕೋಟೆಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಶನಿವಾರ ಸಂಜೆ ಬಸ್ಸು ಹಿಡಿದು, ಅಮೀನಗಡದಲ್ಲಿ ಚಹಾ ಕುಡಿದು, ರಾತ್ರಿ ಊಟಕ್ಕೆ ಇಲಕಲ್ಲು ಮುಟ್ಟುತ್ತಿದ್ದೆ.

ಕಂಪ್ಯೂಟರು ತಂದುಕೊಟ್ಟವನು ನಾನು, ಕಾಲೇಜಿನವರು ತೆಗೆದುಹಾಕಿದ್ದು. ಅದಕ್ಕೆ ಮಾತು ಬರಿಸುವ ದಾರಿ ತೋರಿಸಿದವನು ಮಾತ್ರ ಮಾಮಾನ ಬಾದಾಮಿಯ ಗೆಳೆಯ. ಇಬ್ಬರೂ ಅಂಧರ ಶಾಲೆಯಲ್ಲಿ ಒಂದೇ ಕೋಣೆಯಲ್ಲಿ ಬೆಳೆದವರು. ಗೆಳೆಯ ಬಾದಾಮಿಯಲ್ಲಿ ಹಾರ್ಮೋನಿಯಂ ಕಲಿಸುತ್ತಿದ್ದ. ಅವನ ಹೆಂಡತಿಯೂ ಅದೇ ಶಾಲೆಯಲ್ಲಿ ಕಲಿತಾಕೆ, ಆಕೆಗೂ ಕಣ್ಣಿಲ್ಲ. ಪರದೆಯ ಮೇಲೆ ಮೂಡುವುದನ್ನೆಲ್ಲ ಓದಿ ಹೇಳುವ ‘ಪ್ಯಾಚ್’ ಎಂಬ ತಂತ್ರಾಂಶದ ತೇಪೆಯೊಂದಿದೆ, ಅದನ್ನು ಲಿನಕ್ಸ್ ಎಂಬ ಪುಕ್ಕಟೆ ಸಿಗುವ ವ್ಯವಸ್ಥೆಯ ಕರ್ನಲ್ಲಿಗೆ ಹೊಲಿದರೆ ಸಾಕು ಎಂದು ಪತ್ತೆ ಮಾಡಿದವನು ಆ ಗೆಳೆಯನೇ.

ಕರ್ನಲ್ ಎಂದರೆ ಕಂಪ್ಯೂಟರಿನ ಒಡಲೊಳಗೆ ಕೂತು ಕೀಲಿಮಣೆ, ಡಿಸ್ಕು, ಪರದೆ ಎಲ್ಲವನ್ನೂ ನಡೆಸುವ ಮೂಲ ತಂತ್ರಾಂಶ. ಅದನ್ನು ಬರೆಯುವವರು ಸುಮ್ಮನೆ ಕೂರುವ ಜನರಲ್ಲ. ಒಂದು ಆವೃತ್ತಿ ನಮಗೆ ರೂಢಿಯಾಗುವಷ್ಟರಲ್ಲಿ ಇನ್ನೊಂದು ಬಂದಿರುತ್ತಿತ್ತು. ತೇಪೆ ಬರೆಯುವವರು ಬೇರೆ, ದೂರದೂರದ ದೇಶಗಳಲ್ಲಿ ಕೂತ ನಾಲ್ಕಾರು ಜನ, ಅವರಲ್ಲೂ ಹಲವರು ಕಣ್ಣಿಲ್ಲದವರು. ಅಂಗಿಯ ಅಳತೆ ಪ್ರತಿ ಸಲ ಬದಲಾದರೆ ತೇಪೆ ಹೇಗೆ ಕೂತೀತು? ಹೊಸ ಕರ್ನಲ್ ಹಾಕಿದಾಗೊಮ್ಮೆ ಕಂಪ್ಯೂಟರಿಗೆ ಮಾತು ನಿಂತುಬಿಡುವ ಭಯ ಇದ್ದೇ ಇತ್ತು. ನಿಂತರೆ, ಯಾಕೆ ನಿಂತಿತು ಎಂಬುದು ಪರದೆಯ ಮೇಲೆ ಬಂದಿರುತ್ತಿತ್ತು. ಅದನ್ನು ಓದಲು ಶನಿವಾರ ನಾನು ಬರಬೇಕು.

ನನಗೆ ಸಿಟ್ಟು ಬರುತ್ತಿತ್ತು. ವಾರವಿಡೀ ಲ್ಯಾಬಿನಲ್ಲಿ ಕಂಪ್ಯೂಟರುಗಳ ಚಾಕರಿ ಮಾಡಿ ಮನೆಗೆ ಬಂದರೆ, ಕೈಕಾಲು ತೊಳೆಯುವ ಮೊದಲೇ ಮಾಮಾನ ಕರೆ.

“ಹಳೇದು ಛಲೋ ಮಾತಾಡ್ತಿತ್ತಲ್ಲ ಮಾಮಾ. ಯಾಕ ಕೆದರಾಕ ಹೋದಿ?”

“ಹೊಸಾದು ಬಂದೈತಲ್ಲ, ಅಳ್ಯಾ.”

“ಬಂದ್ರ ಬರ್ಲಿ ಬಿಡು. ನಿನಗೇನು ಅದು ನೆಂಟನ?”

ಸಾಮಾನ್ಯವಾಗಿ ಮಾಮಾ ನಗುತ್ತಿದ್ದ. ಒಂದು ಸಲ ಮಾತ್ರ ನಗಲಿಲ್ಲ. “ನೋಡು, ಈ ಮಷೀನ್ ಒಂದಿನ ಸಾಯ್ತೈತಿ. ಅವತ್ತ ನೀ ಹೊಸಾದು ತರ್ತಿ. ಹೊಸಾದಕ್ಕ ಹಳೇ ಕರ್ನಲ್ ಹೊಂದೂದಿಲ್ಲ. ಎಲ್ಲಾರೂ ಹಳೇದು ಛಲೋ ಐತಿ ಅಂತ ಕುಂತ್ರ, ಹೊಸಾದು ಮಾತಾಡ್ತೈತೋ ಇಲ್ಲೋ ಅಂತ ಆ ತೇಪಿ ಬರಿಯೋರಿಗೆ ಹೇಳೋರು ಯಾರು? ನಿನಗ ಕಣ್ಣ ಅದಾವು, ನಿಂತಲ್ಲೆ ನಿಲ್ಲಾಕ ಬರ್ತೈತಿ. ನನಗ ಬರೂದಿಲ್ಲ.”

ಅಂದಿನಿಂದ ಬೈಯುವುದನ್ನು ನಾನು ಬಿಡಲಿಲ್ಲ, ಆದರೆ ಹೊಸ ಕರ್ನಲ್ಲನ್ನು ಸಿಡಿಗೆ ಹಾಕಿ ತರುವುದನ್ನು ಮರೆಯಲೂ ಇಲ್ಲ. ಒಂದು ಸಿಡಿ ಇಲಕಲ್ಲಿಗೆ, ಒಂದು ಬಾದಾಮಿಗೆ ಅಂಚೆಯಲ್ಲಿ. ಗೆಳೆಯರಿಬ್ಬರದೂ ಪಂದ್ಯ ನಡೆದಿತ್ತು. ಹೊಸ ಕರ್ನಲ್ ಯಾರ ಮನೆಯಲ್ಲಿ ಮೊದಲು ಮಾತಾಡುತ್ತದೋ ಅವರು ಫೋನು ಹಚ್ಚಿ ಇನ್ನೊಬ್ಬನನ್ನು ಹಂಗಿಸಬೇಕು. ಸೋತವನು ತಾನಾಗಿ ಫೋನು ಮಾಡುವ ಹಾಗಿಲ್ಲ. “ಲೇ, ನಂದು ಮಾತಾಡ್ತು. ನಿಂದಿನ್ನೂ ಮಲಗೇತೇನು?” ಎಂದು ಬಾದಾಮಿಯಿಂದ ಬರುವ ಆ ದಪ್ಪ ದನಿ ಫೋನಿನಿಂದ ನಾಲ್ಕು ಮಾರು ದೂರ ಕೂತವರಿಗೂ ಕೇಳಿಸುತ್ತಿತ್ತು. ಮಾಮಾ ಸೋತ ದಿನ ಊಟ ಕಡಿಮೆ.

ಇಷ್ಟೆಲ್ಲ ಯಾಕೆ, ಮನೆಯಲ್ಲಿ ಓದಿ ಹೇಳುವವರು ಇರಲಿಲ್ಲವೇ ಎಂದು ಕೇಳಿದರೆ, ಇದ್ದಳು, ಅವ್ವ ಇದ್ದಳು. ಎಷ್ಟೋ ವರ್ಷದಿಂದ, ಅಪ್ಪನ ಮಗ್ಗದ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಕೆಲಸ ಮುಗಿಸಿ, ದಿನಾ ಮಧ್ಯಾಹ್ನ ತಮ್ಮನಿಗೆ ಪೇಪರು ಓದಿ ಹೇಳುತ್ತಿದ್ದಳು. ಆದರೆ ಅವ್ವ ಕೆಟ್ಟ ಸುದ್ದಿ ಓದುತ್ತಿರಲಿಲ್ಲ. ಬಸ್ಸು ಉರುಳಿದ್ದು, ಬಾವಿಗೆ ಬಿದ್ದದ್ದು, ಗುಡೂರಿನಲ್ಲೋ ಕಮತಗಿಯಲ್ಲೋ ಗುರುತಿನವರು ತೀರಿಕೊಂಡದ್ದು, ಇವೆಲ್ಲ ಬಂದ ಕೂಡಲೇ ಕೆಮ್ಮಿ ಮುಂದಿನ ಪುಟಕ್ಕೆ ಹೋಗುತ್ತಿದ್ದಳು. ಕ್ರಿಕೆಟ್ಟಿನಲ್ಲಿ ಸೋತದ್ದನ್ನು ಕೂಡ ‘ಸ್ವಲ್ಪದರಾಗ ತಪ್ಪಿತು’ ಎಂದೇ ಓದುತ್ತಿದ್ದಳು. ಕಣ್ಣಿಲ್ಲದ ಕೂಸು, ಇದನ್ನೆಲ್ಲ ಯಾಕೆ ತಲೆಗೆ ಹಚ್ಚಿಕೊಳ್ಳಬೇಕು ಎಂದು ಅವಳ ಲೆಕ್ಕ. ಕೂಸಿಗೆ ಆಗ ನಲವತ್ತು ದಾಟಿತ್ತು.

ಮಾಮಾನಿಗೆ ಇದೆಲ್ಲ ಗೊತ್ತಿತ್ತು. “ಅಕ್ಕ ಓದೋ ಪೇಪರಿನ್ಯಾಗ ಯಾರೂ ಸಾಯೂದಿಲ್ಲ, ಅಳ್ಯಾ. ಭಾಳ ಛಲೋ ಊರು ಅದು. ಆದ್ರ ನನಗ ಅಲ್ಲಿರಾಕ ಬ್ಯಾಸರ ಬಂದೈತಿ.” ಕಂಪ್ಯೂಟರಿಗೆ ಫೋನಿನ ತಂತಿ ಹಚ್ಚಿ ಇಂಟರ್ನೆಟ್ಟಿನಲ್ಲಿ ಅವನು ಆಸೆಪಟ್ಟು ಓದುತ್ತಿದ್ದುದು ಜಗತ್ತಿನ ಕೆಟ್ಟ ಸುದ್ದಿಗಳನ್ನೇ, ಒಂದೂ ಬಿಡದೆ. ನಮಗೆ ಒಂದಕ್ಷರವೂ ತಿಳಿಯದಷ್ಟು ವೇಗವಾಗಿ ಆ ದನಿಯನ್ನು ಓಡಿಸುತ್ತಿದ್ದ.

ಒಂದು ವರ್ಷ ಬೇಸಿಗೆಯ ಕೊನೆಯಲ್ಲಿ ಗುಡುಗು ಸಿಡಿಲಿನ ಮಳೆಯಾಗಿ ಕರೆಂಟು ಕುಣಿದಾಡಿತು. ಮಾಮಾನ ಕಂಪ್ಯೂಟರು ಸುಟ್ಟ ವಾಸನೆ ಬಿಟ್ಟು ಸತ್ತುಹೋಯಿತು. ನಾನು ಬಾಗಲಕೋಟೆಯಿಂದ ಇನ್ನೊಂದು ತಂದೆ, ಹಿಂದಿನದಕ್ಕಿಂತ ಹೊಸದು. ಮಾಮಾ ಹೇಳಿದ ಹಾಗೇ ಆಯಿತು. ಹಳೆಯ ಕರ್ನಲ್ಲಿಗೆ ಅದರ ಡಿಸ್ಕು ಗುರುತೇ ಸಿಗಲಿಲ್ಲ. ಆಗಷ್ಟೇ ಬಂದಿದ್ದ ಕರ್ನಲ್ಲಿಗೆ ಗುರುತು ಸಿಕ್ಕಿತು, ಆದರೆ ತೇಪೆ ಕೂಡಲಿಲ್ಲ. ಪರದೆಯ ತುಂಬ ದೋಷದ ಸಾಲುಗಳು, ದನಿ ಮಾತ್ರ ಇಲ್ಲ. ಬಾದಾಮಿಯ ಗೆಳೆಯನೂ ಅದೇ ಕರ್ನಲ್ ಹಾಕಿಕೊಂಡು ಅದೇ ಮೌನದಲ್ಲಿ ಕೂತಿದ್ದ. ಫೋನಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡು, ಮೊದಲು ಮಾತಾಡಿಸಿದವನೇ ಇನ್ನು ಫೋನು ಮಾಡಬೇಕು ಎಂದು ಇಟ್ಟರು.

ನಾನು ಪರದೆ ಓದತೊಡಗಿದೆ. ನಡುವೆ ಬೇಸರವಾಗಿ, “ಮುಂದ ಬರೇ ನಂಬರ್ ಅದಾವು ಬಿಡು” ಎಂದೆ.

ಮಾಮಾ ನನ್ನ ಮೊಣಕೈ ಹಿಡಿದ. “ನೀನೂ ಅಕ್ಕನಂಗ ಓದಬ್ಯಾಡ. ಇದ್ದದ್ದು ಇದ್ದಂಗ ಓದು.”

ಅಷ್ಟನ್ನೂ ಓದಿ, ಬರೆದುಕೊಂಡು, ಬಾಗಲಕೋಟೆಗೆ ಹೋಗಿ ಆ ತೇಪೆಯವರಿಗೆ ಮೇಲ್ ಕಳಿಸಿದೆ. ಅವರು ಒಂದು ಬದಲಾವಣೆ ಹೇಳಿದರು, ಕೂಡಲಿಲ್ಲ. ಇನ್ನೊಂದು ಹೇಳಿದರು. ಹೀಗೆ ಮೂರ್ನಾಲ್ಕು ವಾರ ಹೋಯಿತು. ಮಾಮಾ ಸೊರಗಿದ. ಬೂತಿನಿಂದ ಬಂದವನು ಗೋಡೆಗೆ ಆತು ಕೂತುಬಿಡುತ್ತಿದ್ದ. ಅವ್ವ ಪೇಪರು ಓದುವಾಗ ಹೂಂಗುಟ್ಟುತ್ತಲೂ ಇರಲಿಲ್ಲ. “ಬಾದಾಮ್ಯಾಗೂ ಇನ್ನೂ ಮಾತಾಡಿಲ್ಲ. ಮಾತಾಡಿದ್ರ ಇಷ್ಟೊತ್ತಿಗೆ ಬಾಯಿ ಬಡ್ಕೊಂಡಿರತಿದ್ದ” ಎನ್ನುವಾಗ ಮಾತ್ರ ಮುಖದಲ್ಲಿ ತುಸು ನಗು ಕಾಣುತ್ತಿತ್ತು. ಅಂಥ ಹೊತ್ತಿನಲ್ಲಿ ಅವ್ವ ಎದ್ದು ಒಳಗೆ ಹೋಗುತ್ತಿದ್ದುದನ್ನು ನಾನು ಗಮನಿಸಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ, ಹೊಸ ತೇಪೆ ಹೊಲಿದು ಕಂಪ್ಯೂಟರು ಚಾಲೂ ಮಾಡಿದೆವು. ಮಾಮಾ ಅದರ ಮೈಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದ. “ಲಿನಕ್ಸ್ ವರ್ಷನ್ ಟೂ ಪಾಯಿಂಟ್ ಸಿಕ್ಸ್” ಎಂದಿತು. ಅಪ್ಪ ಮಗ್ಗ ನಿಲ್ಲಿಸಿ ಎದ್ದು ಬಂದ. ಮಾಮಾ ಎರಡೂ ಕೈಯಿಂದ ನನ್ನ ತಲೆ ಹಿಡಿದು ಅಲುಗಾಡಿಸಿ, “ಫೋನ್ ಕೊಡು, ಆ ಮಗಗ ಹಚ್ತೇನಿ” ಎಂದ.

“ಮೊದ್ಲ ಚಾ ಕುಡಿ. ಫೋನ್ ಆಮ್ಯಾಲೆ,” ಎಂದಳು ಅವ್ವ. ದನಿ ಸರಿ ಇರಲಿಲ್ಲ.

ಚಹಾ ಆರುವವರೆಗೆ ಮೇಲ್ ನೋಡುತ್ತೇನೆಂದು ಮಾಮಾ ಕೀಲಿ ಒತ್ತಿದ. ಇಷ್ಟು ವಾರದ್ದೆಲ್ಲ ಒಮ್ಮೆಲೇ ಇಳಿಯಿತು. ಅವನ ಶಾಲೆಯ ಗೆಳೆಯರು ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಆ ದನಿ ಅದನ್ನು ಓದಿದರೆ, ಬಾಯ್ತುಂಬ ಎಲೆಅಡಿಕೆ ಇಟ್ಟುಕೊಂಡ ಪರದೇಶಿಯೊಬ್ಬ ಕನ್ನಡ ಮಾತಾಡಿದ ಹಾಗೆ. ಎಂದಿನಂತೆ ಜೋರಾಗಿ ಓಡುತ್ತಿತ್ತು, ನಮಗೇನೂ ತಿಳಿಯುತ್ತಿರಲಿಲ್ಲ. ಮಾಮಾನ ಬೆರಳು ನಿಂತಿತು. ಆಮೇಲೆ ಅವನು ನಾನೆಂದೂ ನೋಡದ ಕೆಲಸ ಮಾಡಿದ. ದನಿಯ ಓಟವನ್ನು ತಗ್ಗಿಸಿ, ತಗ್ಗಿಸಿ, ಅದೇ ಸಾಲನ್ನು ಮತ್ತೆ ಹೇಳಿಸಿದ. ಈಗ ನಮಗೂ ತಿಳಿಯಿತು. ಬಾದಾಮಿಯ ಗೆಳೆಯ ನಿದ್ದೆಯಲ್ಲೇ ಎದೆ ನಿಂತು ಹೋಗಿದ್ದ, ಹತ್ತು ಹದಿನೈದು ದಿನ ಆಗಿತ್ತು. ನೀನು ಮಣ್ಣಿಗೆ ಯಾಕೆ ಬರಲಿಲ್ಲ ಎಂದು ಮೇಲ್ ಬರೆದ ಶಾಲೆಯ ಗೆಳೆಯ ಕೇಳಿದ್ದ.

“ಅಕ್ಕಾ,” ಎಂದ ಮಾಮಾ. “ನಿನಗ ಗೊತ್ತಿತ್ತು.”

ಸಾವಿನ ಸುದ್ದಿ ಹೇಳಲು ಬಾದಾಮಿಯಿಂದ ಫೋನು ಬಂದಾಗ ಮಾಮಾ ಬೂತಿನಲ್ಲಿದ್ದ, ಎತ್ತಿದ್ದು ಅವಳೇ. ಬಾಗಿಲ ಚೌಕಟ್ಟು ಹಿಡಿದು ನಿಂತು ಅಳತೊಡಗಿದಳು. “ಇದ್ದ ಒಂದು ದನಿ ಹೋತು ಅಂತ ಊಟ ಬಿಟ್ಟು ಕುಂತಿದ್ದಿ. ಇನ್ನೊಂದೂ ಹೋತು ಅಂತ ಯಾ ಬಾಯಿಲೆ ಹೇಳ್ಲೆಪ್ಪಾ? ಇದು ಮಾತಾಡಿದ ಮ್ಯಾಲೆ ಹೇಳೂಣಂತ ಇದ್ದೆ.”

“ಹದಿನೈದು ದಿನ, ಯಾರೂ ಸಾಯದ ನಿನ್ನ ಊರಾಗ ಇಟ್ಟಿ ನನ್ನ. ನನ್ನ ಗೆಳ್ಯಾನ ಮಣ್ಣಿಗೂ ಕಳಿಸ್ಲಿಲ್ಲ,” ಎಂದ. ಅಷ್ಟೇ. ಆ ಇಡೀ ದಿನ ಅವಳ ಜೊತೆ ಮಾತಾಡಲಿಲ್ಲ. ಅವಳು ಬಡಿಸಿದ್ದನ್ನು ಉಂಡು ಎದ್ದ. ಅವ್ವನ ಮುಖ ನೋಡಲಾಗುತ್ತಿರಲಿಲ್ಲ.

ಮರುದಿನ ರಜೆ ಹಾಕಿ ಮಾಮಾನನ್ನು ಕರೆದುಕೊಂಡು ಗುಡೂರಿನ ಮೇಲೆ ಹೋಗುವ ಬಾದಾಮಿ ಬಸ್ಸು ಹತ್ತಿದೆ. ಹೊಸ ತೇಪೆಯ ಸಿಡಿ ಅವನ ಜೇಬಿನಲ್ಲಿತ್ತು. ದಾರಿಯುದ್ದಕ್ಕೂ ಅದರ ಮೇಲೆ ಕೈ.

ಗೆಳೆಯನ ಹೆಂಡತಿ ಒಬ್ಬಳೇ ಇದ್ದಳು. ಮಾಮಾನ ದನಿ ಕೇಳಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ, “ಮಣ್ಣಿಗೆ ಬರ್ಲಿಲ್ಲಂತ ನಾ ಏನೂ ಅನ್ಕೊಂಡಿಲ್ರಿ ಅಣ್ಣಾರ. ನಿಮಗ ಜ್ವರ ಜಾಸ್ತಿ ಆಗೇತಿ, ಎಬ್ಬಿಸಾಕ ಬರೂದಿಲ್ಲ ಅಂತ ಅಕ್ಕಾರು ಹೇಳಿದ್ರು,” ಎಂದಳು.

ಮಾಮಾ ಸಿಡಿಯನ್ನು ಜೇಬಿನಿಂದ ತೆಗೆದು ನನ್ನ ಕೈಗಿಟ್ಟ. “ಹೌದವಾ. ಜ್ವರ ಭಾಳ ಇತ್ತು.”

ಕಂಪ್ಯೂಟರು ಗೆಳೆಯ ಬಿಟ್ಟುಹೋದ ಹಾಗೇ ಇತ್ತು. ಅದು ಮಾತಾಡದ ಮೇಲೆ ಆಕೆಗೆ ಅದರಲ್ಲಿ ಏನೂ ಮಾಡಲು ಬರುತ್ತಿರಲಿಲ್ಲ. ನಾನು ಪರದೆ ಓದಿದೆ, ಒಂದಕ್ಷರ ಬಿಡದೆ ಓದಿದೆ. ಮಾಮಾ ಹೇಳಿದ ಹಾಗೆ ಒತ್ತುತ್ತ ಹೋದೆ. ಆಕೆ ಪಕ್ಕದಲ್ಲೇ ಕೂತಿದ್ದಳು. “ಹಿಂದಿನ ದಿನಾನೂ ಇದರ ಮುಂದನ ಕುಂತಿದ್ರು ಅವರು. ಇಲಕಲ್ಲದ್ದು ಮೊದ್ಲ ಮಾತಾಡಿಬಿಟ್ರ ನಾ ಉಳಿಯೂದಿಲ್ಲ, ಅವ ನನ್ನ ಉಳಸೂದಿಲ್ಲ ಅಂತ ನಗತಿದ್ರು.”

ಮಧ್ಯಾಹ್ನದ ಹೊತ್ತಿಗೆ ಬಾದಾಮಿಯ ಕಂಪ್ಯೂಟರು ಮಾತಾಡಿತು. ಆಕೆ ದನಿಯ ಕಡೆ ಮುಖ ತಿರುಗಿಸಿದಳು.

“ನಿಮ್ಮದು ಯಾವಾಗ ಮಾತಾಡ್ತ್ರಿ ಅಣ್ಣಾರ?”

“ನಮ್ಮದಿನ್ನೂ ಇಲ್ಲವಾ,” ಎಂದ ಮಾಮಾ. “ತೇಪಿ ನಿನ್ನೆ ಅಷ್ಟ ಬಂತು. ಮೊದ್ಲ ಇಲ್ಲಿಗೇ ತಂದೀವಿ. ಅವಂದ ಮೊದ್ಲ.”

ನಿನ್ನೆ ಇಲಕಲ್ಲಿನಲ್ಲಿ ಮಾತಾಡಿಸಿದ್ದ ಅದೇ ಸಿಡಿಯನ್ನು ನಾನು ಹೊರಗೆ ತೆಗೆದೆ.

“ಹಂಗಾರ ಫೋನ್ ನಾವ ಹಚ್ಚಬೇಕಲ್ರಿ,” ಎಂದು ಆಕೆ ಎದ್ದು, ತಡವರಿಸದೆ ಫೋನಿನ ಹತ್ತಿರ ಹೋಗಿ, ಇಲಕಲ್ಲಿನ ನಮ್ಮ ಮನೆಯ ನಂಬರು ಒತ್ತಿದಳು. ಮಾಮಾ ಕುರ್ಚಿಯಿಂದ ಅರ್ಧ ಎದ್ದ. ತಡೆಯಲು ಹೊತ್ತಿರಲಿಲ್ಲ. ಅಲ್ಲಿ ಫೋನು ಎತ್ತುವವಳು ಅವ್ವ, ಮಾಮಾ ಇಲ್ಲಿ ಹೇಳಿದ ಸುಳ್ಳು ಅವಳಿಗೆ ಗೊತ್ತಿಲ್ಲ.

“ಅಕ್ಕಾರ, ನಮ್ಮ ಬಾದಾಮಿದು ಮಾತಾಡ್ತ್ರಿ. ನಿಮ್ಮದಿನ್ನೂ ಮಲಗೇತೇನ್ರಿ?” ಎಂದಳು ಆಕೆ. ಆ ಕಡೆಯ ಮಾತು ಕೇಳಿಸಿಕೊಳ್ಳುತ್ತ ನಿಂತಳು. ನಾನು ಮಾಮಾನ ಮುಖ ನೋಡುತ್ತಿದ್ದೆ. ಆಕೆಯ ಮುಖದಲ್ಲಿ ಅಳುವಿನ ನಡುವೆ ನಗು ಬಂತು. ಫೋನನ್ನು ಎದೆಗೆ ಒತ್ತಿಕೊಂಡು ನಮ್ಮ ಕಡೆ ತಿರುಗಿದಳು.

“ಖರೇನ ಅಣ್ಣಾರ. ನಿಮ್ಮದಿನ್ನೂ ಒಂದು ಮಾತೂ ಆಡಿಲ್ಲಂತ, ಅಕ್ಕಾರೂ ಹೇಳಿದ್ರು.”

ಮಾಮಾ ನಿಧಾನ ಕುರ್ಚಿಯಲ್ಲಿ ಕೂತ.

“ನಮ್ಮ ಅಕ್ಕ ಸುಳ್ಳ ಹೇಳೂದಿಲ್ಲವಾ,” ಎಂದ.